ಅಪ್ಪನಿಗೆ ಗೊತ್ತಿಲ್ಲ ಫಾದರ್



ಕೊಟ್ಟಿಗೆಹಾರದಲ್ಲಿ ಮಳೆ ಹಿಡಿಯಿತೆಂದರೆ ಮಧ್ಯಾಹ್ನ ಯಾವುದು, ಸಂಜೆ ಯಾವುದು ಎಂಬುದೇ ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಜುಲೈ ದಿನ, ಕಾಯಿಲೆಯಲ್ಲಿದ್ದ ಹಿರಿಯರೊಬ್ಬರಿಗೆ ಪರಮಪ್ರಸಾದ ಕೊಡಲು ಹೋಗಿದ್ದೆ. ನಾನು ಜಗಲಿ ಹತ್ತುವ ಮೊದಲೇ ಅವರ ದೊಡ್ಡ ಮಗ ಕೊಡೆ ಹಿಡಿದು ಅಂಗಳಕ್ಕೆ ಇಳಿದು ಬಂದರು. "ಫಾದರ್, ಅಪ್ಪನಿಗೆ ಗೊತ್ತಿಲ್ಲ. ಹೊಟ್ಟೆ ಹುಣ್ಣು ಅಂತ ಹೇಳಿದ್ದೇವೆ. ನೀವೂ ಹಾಗೇ ಹೇಳಿ. ಕ್ಯಾನ್ಸರ್ ಅನ್ನೋ ಮಾತು ಮಾತ್ರ ಬಾಯಿಗೆ ಬರಬಾರದು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಒಪ್ಪಿದೆ.

ಆ ಹಿರಿಯರು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ದಿನದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ನನ್ನ ಮುಖವನ್ನೇ ನೋಡುತ್ತಾ, "ಫಾದರ್, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಿತ್ತು" ಎಂದರು. ಮಗ ಬಾಗಿಲಲ್ಲೇ ನಿಂತಿದ್ದರು. ನಾನು ಗಡಿಬಿಡಿಯಿಂದ, "ಎಲ್ಲ ಸರಿಹೋಗುತ್ತೆ. ಮಳೆ ನಿಂತ ಮೇಲೆ ನೀವೇ ಪೂಜೆಗೆ ಬರುತ್ತೀರಿ" ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಎಷ್ಟು ಇಂಚು ಆಗಿರಬಹುದು ಫಾದರ್?" ಎಂದು ಕೇಳಿದರು. ಮಾತು ಮಳೆಯ ಕಡೆಗೆ ಹೋಯಿತು.

ಅವರ ತಿಂಗಳ ಪೂಜೆಯ ದಿನ ಸೊಸೆ ನನಗೆ ಉಳಿದದ್ದನ್ನು ಹೇಳಿದರು. ಮಾವನಿಗೆ ಮೊದಲಿನಿಂದಲೂ ಗೊತ್ತಿತ್ತು. ಬೆಂಗಳೂರಿನಲ್ಲಿ ಬಸ್ಸಿನ ಕಂಡಕ್ಟರ್ "ಕಿದ್ವಾಯಿ, ಕಿದ್ವಾಯಿ" ಎಂದು ಕೂಗಿ ಇಳಿಸಿದ್ದನಂತೆ. ನಮ್ಮ ನಾಡಿನಲ್ಲಿ ಆ ಹೆಸರಿನ ಅರ್ಥ ಗೊತ್ತಿಲ್ಲದವರು ಯಾರು? "ಮಕ್ಕಳು ಪಾಪ ಕಷ್ಟಪಟ್ಟು ಮುಚ್ಚಿಡ್ತಿದ್ದಾರೆ, ಇರಲಿ ಬಿಡು" ಎಂದು ಅವರು ಸೊಸೆಯ ಬಳಿ ಹೇಳಿದ್ದರು. ಬೇಲಿಯ ಜಗಳದಿಂದಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಿಕೊಡಿ ಎಂದು ನನ್ನನ್ನು ಕೇಳಬೇಕೆಂದಿದ್ದರಂತೆ. "ಫಾದರ್ ಕೂಡ ಮಳೆ ನಿಂತ ಮೇಲೆ ಸರಿಹೋಗುತ್ತೆ ಅಂದರು. ಇನ್ನು ಯಾರ ಹತ್ತಿರ ಹೇಳೋದು?" ಎಂದರಂತೆ. ತಮ್ಮ ಬಂದದ್ದು ನಿಜ. ಆದರೆ ಅಷ್ಟರಲ್ಲಿ ಅಣ್ಣನಿಗೆ ಮಾತು ನಿಂತಿತ್ತು.

(ಇದು ಪಾಪನಿವೇದನೆಯಲ್ಲಿ ಕೇಳಿದ ವಿಷಯವಲ್ಲ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬದಲಿಸಿ ಬರೆದಿದ್ದೇನೆ.)

ಈ ಘಟನೆಯ ನಂತರ ನಾನು ಒಂದು ವಿಷಯವನ್ನು ಓದಲು ಆರಂಭಿಸಿದೆ. ಕ್ಯಾನ್ಸರ್ ರೋಗಿ, ಅವರ ಮನೆಯವರು ಮತ್ತು ವೈದ್ಯರ ನಡುವೆ ನಡೆಯುವ ಮಾತುಕತೆ ಹಾಗೂ ಅದರಿಂದ ರೋಗಿಯ ಮನಸ್ಸಿಗೆ ಆಗುವ ಒಳಿತು-ಕೆಡುಕುಗಳ ಬಗ್ಗೆ ಮನಃಶಾಸ್ತ್ರಜ್ಞರು ಮತ್ತು ಮನೋವೈದ್ಯರು ಹಲವು ದಶಕಗಳಿಂದ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾ. ಜಿಮ್ಮೀ ಹಾಲೆಂಡ್ ಎಂಬ ಮಹಿಳೆ 1977ರಲ್ಲಿ ಇದಕ್ಕಾಗಿಯೇ ಒಂದು ವಿಭಾಗ ತೆರೆದರು. ನಮ್ಮ ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳು ಒಂದಕ್ಕೊಂದು ದೂರವಿಲ್ಲ. ಒಂದು ಮನಸ್ಸಿನ ಆಸ್ಪತ್ರೆ. ಇನ್ನೊಂದು 1973ರಲ್ಲಿ ಆರಂಭವಾದ ಕ್ಯಾನ್ಸರ್ ಆಸ್ಪತ್ರೆ. ನಿಮ್ಹಾನ್ಸಿನ ಮನೋವೈದ್ಯರಾದ ಡಾ. ಸಂತೋಷ್ ಚತುರ್ವೇದಿ, ಡಾ. ಪ್ರಭಾ ಚಂದ್ರ ಮೊದಲಾದವರು ಕಿದ್ವಾಯಿಯ ವೈದ್ಯರೊಡನೆ ಸೇರಿ ಕ್ಯಾನ್ಸರ್ ರೋಗಿಗಳ ಆತಂಕ ಮತ್ತು ಖಿನ್ನತೆಯನ್ನು 1990ರ ದಶಕದಲ್ಲೇ ಅಧ್ಯಯನ ಮಾಡಿದರು. ಗೆಡ್ಡೆ ಎಷ್ಟು ದೊಡ್ಡದಿದೆ ಎಂದು ಅಳೆಯುವ ಜಾಗದಲ್ಲಿ, ನಿಮಗೆ ಏನು ಚಿಂತೆ ಎಂದೂ ಕೇಳಿದರು.

ಅದರಲ್ಲಿ ಒಂದು ನನ್ನ ಮನಸ್ಸಿನಲ್ಲಿ ನಿಂತಿದೆ. ಕ್ಯಾನ್ಸರಿನ ಸಂದರ್ಭದಲ್ಲಿ ಭಾರತೀಯರಿಗೆ ಒಳ್ಳೆಯ ಬಾಳು ಎಂದರೆ ಏನು ಎಂಬ ಪ್ರಶ್ನೆಯ ಮೇಲೆ ಡಾ. ಚತುರ್ವೇದಿಯವರು 1991ರಲ್ಲಿ ಒಂದು ಲೇಖನ ಪ್ರಕಟಿಸಿದರು. ಓಡಾಡುವ, ಕೆಲಸ ಮಾಡುವ ಶಕ್ತಿಯೇ ಮೊದಲು ಬರುತ್ತದೆ ಎಂದು ನಾವು ಊಹಿಸುತ್ತೇವೆ. ಆದರೆ ಕೇಳಿದವರಲ್ಲಿ ಹೆಚ್ಚಿನವರು ಮನಶ್ಶಾಂತಿ, ಆಧ್ಯಾತ್ಮಿಕ ತೃಪ್ತಿ, ಜನರೊಡನೆ ಸಮಾಧಾನದ ಸಂಬಂಧ, ಇವನ್ನೇ ಮೇಲೆ ಇಟ್ಟರು. ಎಸ್ಟೇಟಿನ ಆ ಹಿರಿಯರು ತಮ್ಮನನ್ನು ನೋಡಬೇಕೆಂದು ಬಯಸಿದ್ದು ಇದೇ ಅಲ್ಲವೇ? ಔಷಧಿ ಅವರಿಗೆ ಸಿಕ್ಕಿತ್ತು. ಸಿಗದೆ ಹೋದದ್ದು ಸಮಾಧಾನ. ಅದಕ್ಕೆ ಅಡ್ಡ ನಿಂತವರಲ್ಲಿ ನಾನೂ ಒಬ್ಬ.

ಈ ರೀತಿ ಮುಚ್ಚಿಡುವುದರಲ್ಲೂ ಹಲವು ಬಗೆಗಳಿವೆ. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಆಸ್ಪತ್ರೆಗಳಲ್ಲಿ ಕುಳಿತು ನೋಡಿ 1965ರಲ್ಲಿ ಒಂದು ಪುಸ್ತಕ ಬರೆದರು. ಕೆಲವು ಕಡೆ ರೋಗಿಗೆ ನಿಜವಾಗಿಯೂ ಏನೂ ಗೊತ್ತಿರುವುದಿಲ್ಲ. ಕೆಲವು ಕಡೆ ಅನುಮಾನ ಹುಟ್ಟಿ, ಎಲ್ಲರ ಮುಖ ನೋಡಿ ಪರೀಕ್ಷಿಸುತ್ತಿರುತ್ತಾರೆ. ಮೂರನೆಯದು ಅತ್ಯಂತ ನೋವಿನದು. ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು, ಆದರೂ ಎರಡು ಕಡೆಯವರೂ ಗೊತ್ತಿಲ್ಲದಂತೆ ನಟಿಸುತ್ತಾರೆ. ಕೊನೆಯದು, ತಿಳಿದದ್ದನ್ನು ತಿಳಿದವರಂತೆ ಪರಸ್ಪರ ಮಾತಾಡಿಕೊಳ್ಳುವ ಸ್ಥಿತಿ. ನಮ್ಮ ಊರಿನ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಆ ಮೂರನೆಯದನ್ನು. ಅಡುಗೆಮನೆಯಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಕೋಣೆಯಲ್ಲಿ ಗಂಡ ಗೋಡೆಯ ಕಡೆ ತಿರುಗಿ ಮಲಗಿರುತ್ತಾನೆ. ಊಟದ ಹೊತ್ತಿಗೆ ಇಬ್ಬರೂ ನಗುತ್ತಾರೆ.

ಮನೆಯವರು ದುರುದ್ದೇಶದಿಂದ ಹೀಗೆ ಮಾಡುವುದಿಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ. ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ, ಊಟ ಬಿಡುತ್ತಾರೆ, ಬೇಗ ಹೋಗಿಬಿಡುತ್ತಾರೆ ಎಂಬ ಹೆದರಿಕೆ ಅವರಿಗೆ. ಇದು ಹೊಸ ಹೆದರಿಕೆಯೂ ಅಲ್ಲ. ಸುಮಾರು ಕ್ರಿ.ಶ. 420ರಲ್ಲಿ ಸಂತ ಅಗಸ್ಟೀನ್ ಸುಳ್ಳಿನ ವಿರುದ್ಧ ಬರೆದ ಗ್ರಂಥದಲ್ಲಿ ಇಂಥದೇ ಉದಾಹರಣೆ ಬರುತ್ತದೆ. ಸಾವಿನಂಚಿನಲ್ಲಿರುವ ತಂದೆ ತನ್ನ ಒಬ್ಬನೇ ಮಗ ಬದುಕಿದ್ದಾನೆಯೇ ಎಂದು ಕೇಳುತ್ತಾನೆ. ಮಗ ಸತ್ತಿದ್ದಾನೆ. ನಿಜ ಹೇಳಿದರೆ ತಂದೆಯೂ ಸಾಯಬಹುದು. ಸುಳ್ಳು ಎಂದೂ ಕೂಡದು ಎಂದು ವಾದಿಸುತ್ತಿದ್ದ ಆ ಮಹಾತ್ಮರೂ ಈ ಉದಾಹರಣೆ ತಮ್ಮ ಮನಸ್ಸನ್ನು ಕಲಕುತ್ತದೆ ಎಂದು ಒಪ್ಪಿಕೊಂಡಿದ್ದಾರೆ. ಆದರೂ ತಮ್ಮ ನಿಲುವನ್ನು ಬಿಡಲಿಲ್ಲ. ಸಂತ ಥಾಮಸ್ ಅಕ್ವಿನಾಸರು ಸುಳ್ಳು ಹೇಳುವುದು ಬೇರೆ, ಎಲ್ಲವನ್ನೂ ಒಮ್ಮೆಗೇ ಹೇಳದೆ ವಿವೇಕದಿಂದ ಇರಿಸಿಕೊಳ್ಳುವುದು ಬೇರೆ ಎಂದು ವಿಂಗಡಿಸಿದರು. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆ ಜುಲೈ ದಿನ ಜಗಲಿಯಲ್ಲಿ ಅದು ನೆನಪಿಗೆ ಬರಲಿಲ್ಲ.

ಒಂದು ಕಾಲದಲ್ಲಿ ವೈದ್ಯರೂ ಇದೇ ದಾರಿಯಲ್ಲಿದ್ದರು. 1961ರಲ್ಲಿ ಡೊನಾಲ್ಡ್ ಓಕನ್ ಎಂಬ ಅಮೆರಿಕದ ವೈದ್ಯರು ಕೇಳಿದಾಗ, ಕ್ಯಾನ್ಸರ್ ಇದೆ ಎಂದು ರೋಗಿಗೆ ಹೇಳದಿರುವುದೇ ಮೇಲು ಎಂದವರು ನೂರಕ್ಕೆ ಸುಮಾರು 90 ವೈದ್ಯರು. 1979ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ, ಹೇಳುವುದೇ ಮೇಲು ಎಂದವರು ನೂರಕ್ಕೆ 97. ಹದಿನೆಂಟೇ ವರ್ಷಗಳಲ್ಲಿ ಗಾಳಿ ಪೂರ್ತಿ ತಿರುಗಿತ್ತು. ರೋಗಿಗಳಿಗೆ ಏನು ಬೇಕು? ಲೆಸ್ಲಿ ಫ್ಯಾಲೋಫೀಲ್ಡ್ ಎಂಬ ಇಂಗ್ಲೆಂಡಿನ ಮನಃಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು 2,331 ಕ್ಯಾನ್ಸರ್ ರೋಗಿಗಳನ್ನು ಕೇಳಿ 2001ರಲ್ಲಿ ಉತ್ತರ ಪ್ರಕಟಿಸಿದರು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಎಲ್ಲ ಮಾಹಿತಿಯೂ ಬೇಕು ಎಂದವರು ನೂರಕ್ಕೆ 87 ಮಂದಿ.

"ಅದು ಇಂಗ್ಲೆಂಡು ಫಾದರ್, ಇಲ್ಲಿ ಹಾಗಾಗುತ್ತದೆಯೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಲಿ ರೋಗಿ ಒಬ್ಬರೇ ವೈದ್ಯರ ಮುಂದೆ ಕೂರುತ್ತಾರೆ. ಇಲ್ಲಿ ಮಗ, ಭಾವ, ಪಕ್ಕದ ತೋಟದವರು, ಎಲ್ಲರೂ ಜೊತೆಗೆ ಹೋಗುತ್ತಾರೆ. ಘಾಟಿ ಇಳಿದು ಮಂಗಳೂರಿಗೋ ಮಣಿಪಾಲಕ್ಕೋ, ಇಲ್ಲವೇ ಹಾಸನದ ಮೇಲೆ ಬೆಂಗಳೂರಿಗೋ ಹೋಗುವ ಆ ಪ್ರಯಾಣವನ್ನು ಒಬ್ಬರೇ ಮಾಡಲು ಸಾಧ್ಯವೂ ಇಲ್ಲ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ರಸ್ತೆ ಕುಸಿದಾಗ ಸುತ್ತು ದಾರಿಯಲ್ಲಿ ರೋಗಿಗಳನ್ನು ಕರೆದೊಯ್ದವರು ಮನೆಯವರೇ. ಆದ್ದರಿಂದ ಕುಟುಂಬವನ್ನು ಬದಿಗಿಟ್ಟು ಮಾತಾಡುವಂತಿಲ್ಲ. ಡಾ. ಚತುರ್ವೇದಿ ಮತ್ತು ಡಾ. ಪ್ರಭಾ ಚಂದ್ರ ಅವರು ಕೆನಡಾದ ಕಾರ್ಮೆನ್ ಲುವಾಸೆಲ್ ಜೊತೆ ಸೇರಿ 2009ರಲ್ಲಿ ಬರೆದ ಲೇಖನದ ವಿಷಯ ಇದೇ: ಬೇರೆ ಬೇರೆ ಸಂಸ್ಕೃತಿಗಳಲ್ಲಿ ಮನೆಯವರು ವೈದ್ಯರೊಡನೆ ಸೇರಿ ರೋಗಿಯಿಂದ ಮುಚ್ಚಿಡುವುದು. ನಾನು ತಿಳಿದುಕೊಂಡ ಮಟ್ಟಿಗೆ ಅನುಭವಸ್ಥರ ದಾರಿ ಹೀಗಿದೆ. ಮೊದಲು ಮನೆಯವರ ಹೆದರಿಕೆಯನ್ನು ಕೇಳಿಸಿಕೊಳ್ಳಬೇಕು, ಅದನ್ನು ತಪ್ಪೆಂದು ಗದರಿಸಬಾರದು. ಮುಚ್ಚಿಡುವುದರಿಂದ ಅವರಿಗೆ ಆಗುತ್ತಿರುವ ಸಂಕಟವನ್ನು ಅವರ ಬಾಯಿಂದಲೇ ಹೇಳಿಸಬೇಕು. ಆಮೇಲೆ, ರೋಗಿಗೆ ಎಷ್ಟು ತಿಳಿದಿದೆ ಎಂದು ಮೆಲ್ಲನೆ ಕೇಳಲು ಅನುಮತಿ ಪಡೆಯಬೇಕು. ಬಹಳ ಸಲ ರೋಗಿಗೆ ಆಗಲೇ ತಿಳಿದಿರುತ್ತದೆ.

ಕೇಳುವುದು! ಎಲ್ಲವೂ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಾವು ಹೇಳಬೇಕೋ ಬೇಡವೋ ಎಂದು ಜಗಲಿಯಲ್ಲಿ ನಿಂತು ಚರ್ಚಿಸುತ್ತೇವೆ. ಯಾರಿಗೆ ಹೇಳಬೇಕೋ ಅವರನ್ನು ಕೇಳುವುದಿಲ್ಲ. ಅಮೆರಿಕದ ವಾಲ್ಟರ್ ಬೈಲ್, ಟೊರಾಂಟೊದ ರಾಬರ್ಟ್ ಬಕ್‌ಮನ್ ಮೊದಲಾದ ವೈದ್ಯರು ಕೆಟ್ಟ ಸುದ್ದಿ ತಿಳಿಸಲು ಆರು ಹೆಜ್ಜೆಗಳ ಒಂದು ಕ್ರಮವನ್ನು 2000ದಲ್ಲಿ ಪ್ರಕಟಿಸಿದರು. ಅದರಲ್ಲಿ ಸುದ್ದಿ ಹೇಳುವುದು ನಾಲ್ಕನೆಯ ಹೆಜ್ಜೆ. ಅದಕ್ಕೆ ಮುಂಚೆ, ಯಾರೂ ಅಡ್ಡ ಬರದ ಜಾಗದಲ್ಲಿ ಕುಳಿತುಕೊಳ್ಳಬೇಕು, ನಿಮ್ಮ ಕಾಯಿಲೆ ಬಗ್ಗೆ ನೀವು ಏನು ತಿಳಿದುಕೊಂಡಿದ್ದೀರಿ ಎಂದು ಕೇಳಬೇಕು, ಇನ್ನೂ ಎಷ್ಟು ತಿಳಿಯಬೇಕು ಎನ್ನಿಸುತ್ತದೆ ಎಂದು ಕೇಳಬೇಕು. "ನನಗೆ ಬೇಡಪ್ಪ, ಮಗನಿಗೆ ಹೇಳಿ" ಎನ್ನುವವರೂ ಇದ್ದಾರೆ. ಅವರಿಗೆ ಒತ್ತಾಯಿಸಿ ತುಂಬುವುದೂ ತಪ್ಪೇ. ಆದರೆ ಬೇಡ ಎನ್ನುವ ಹಕ್ಕು ರೋಗಿಯದು. ಅವರ ಬದಲಿಗೆ ನಾವು ಬೇಡ ಎನ್ನುವಂತಿಲ್ಲ.

ಇದನ್ನು ಕಲಿಸಿದರೆ ಕಲಿಯಲು ಸಾಧ್ಯವೇ? ಹುಟ್ಟುಗುಣ ಅಲ್ಲವೇ? ಫ್ಯಾಲೋಫೀಲ್ಡ್ ಅವರ ತಂಡ ಇಂಗ್ಲೆಂಡಿನಲ್ಲಿ 160 ಕ್ಯಾನ್ಸರ್ ತಜ್ಞರ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿತು. ಮೂರು ದಿನಗಳ ತರಬೇತಿ ಪಡೆದ ವೈದ್ಯರು ರೋಗಿಯ ಸಂಕಟಕ್ಕೆ ಸ್ಪಂದಿಸುವ ಮಾತುಗಳನ್ನು ಇತರರಿಗಿಂತ ಹೆಚ್ಚು ಆಡತೊಡಗಿದರು. ಎಂದರೆ, ವರ್ಷಗಟ್ಟಲೆ ಅನುಭವದಿಂದ ಬಾರದ್ದು ಮೂರು ದಿನದಲ್ಲಿ ಬಂತು. ಅಮೆರಿಕದಲ್ಲಿ 1999ರಲ್ಲಿ ನಡೆದ ಇನ್ನೊಂದು ಅಧ್ಯಯನವಂತೂ ಇನ್ನೂ ಸರಳ. ವೈದ್ಯರೊಬ್ಬರು ರೋಗಿಯೊಡನೆ ಮಾತಾಡುವ ಎರಡು ವೀಡಿಯೊಗಳನ್ನು ಮಹಿಳೆಯರಿಗೆ ತೋರಿಸಿದರು. ಎರಡೂ ಒಂದೇ, ಒಂದರಲ್ಲಿ ಮಾತ್ರ ವೈದ್ಯರು "ಇದು ಕಷ್ಟದ ಸಮಯವೆಂದು ನನಗೆ ಗೊತ್ತು, ನಿಮ್ಮ ಜೊತೆ ಇರುತ್ತೇನೆ" ಎಂಬರ್ಥದ ಮಾತುಗಳನ್ನು ಸೇರಿಸಿದ್ದರು. ಅದಕ್ಕೆ ಹಿಡಿದದ್ದು ಸುಮಾರು 40 ಸೆಕೆಂಡು. ಅದನ್ನು ನೋಡಿದವರ ಆತಂಕ ಕಡಿಮೆಯಾಗಿತ್ತು. ಬರೀ ವೀಡಿಯೊ ನೋಡಿದವರಿಗೇ ಇಷ್ಟಾದರೆ, ಮಂಚದ ಬದಿಯಲ್ಲಿ ಕುಳಿತು ಹೇಳಿದರೆ ಹೇಗಿರಬೇಡ ಎಂದು ನಾನು ಯೋಚಿಸುತ್ತೇನೆ. ನಮ್ಮ ಸಣ್ಣ ಪ್ರಾರ್ಥನೆಗೂ 40 ಸೆಕೆಂಡಿಗಿಂತ ಹೆಚ್ಚು ಬೇಕು.

ಆದರೆ ನಾವು ಏನು ಮಾಡುತ್ತೇವೆ? 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವೈದ್ಯರು ಮತ್ತು ರೋಗಿಗಳ 398 ಮಾತುಕತೆಗಳನ್ನು ಧ್ವನಿಮುದ್ರಿಸಿ ಕೇಳಿದರು. ರೋಗಿ ತನ್ನ ದುಃಖವನ್ನು ಹೊರಹಾಕಿದಾಗ, ಮಾತು ಮುಂದುವರಿಸಲು ವೈದ್ಯರು ಎಡೆ ಮಾಡಿಕೊಟ್ಟದ್ದು ನೂರರಲ್ಲಿ 22 ಬಾರಿ ಮಾತ್ರ. ಉಳಿದ ಬಾರಿ ಮಾತನ್ನು ಬೇರೆ ಕಡೆಗೆ ತಿರುಗಿಸಿದರು. ಗುರುಗಳ ಮಾತನ್ನು ಹೀಗೆ ಧ್ವನಿಮುದ್ರಿಸಿದರೆ ಎಷ್ಟು ಬರಬಹುದೋ! ನನ್ನ ಲೆಕ್ಕ ನನಗೆ ಗೊತ್ತಿದೆ.

ಯೋಬನ ಮೂವರು ಸ್ನೇಹಿತರನ್ನು ನೆನೆಯಿರಿ. ಅವರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಸ್ನೇಹಿತರಿಲ್ಲ. ಬಾಯಿ ತೆರೆದ ಮೇಲೆಯೇ ಕೆಟ್ಟರು. ನೀನು ಏನೋ ಪಾಪ ಮಾಡಿರಬೇಕು ಎಂದು ಉಪದೇಶ ಆರಂಭಿಸಿದರು. ಕ್ಯಾನ್ಸರ್ ರೋಗಿಯ ಮನೆಗೆ ಹೋಗುವ ನಾವು ಇಂದಿಗೂ ಅದೇ ಮಾತನ್ನು ಬೇರೆ ರೂಪದಲ್ಲಿ ಆಡುತ್ತೇವೆ. "ವಿಶ್ವಾಸ ಗಟ್ಟಿ ಇದ್ದರೆ ಗುಣವಾಗುತ್ತೆ." "ಧೈರ್ಯ ಮಾಡಿ, ಮನಸ್ಸು ಗಟ್ಟಿ ಮಾಡಿದರೆ ಕ್ಯಾನ್ಸರ್ ಓಡಿಹೋಗುತ್ತೆ." ಕೇಳಲು ಚಂದ. ಆದರೆ ಕಾಯಿಲೆ ಹೆಚ್ಚಾದಾಗ ರೋಗಿ ಏನು ಅಂದುಕೊಳ್ಳಬೇಕು? ನನ್ನ ವಿಶ್ವಾಸ ಸಾಲದು, ನನ್ನ ಧೈರ್ಯ ಸಾಲದು, ತಪ್ಪು ನನ್ನದೇ ಎಂದಲ್ಲವೇ? ಕ್ಯಾನ್ಸರಿನ ಭಾರ ಸಾಲದೆಂದು ಈ ಅಪರಾಧದ ಭಾರವನ್ನೂ ನಾವು ಹೊರಿಸಿ ಬರುತ್ತೇವೆ.

ಮನಃಶಾಸ್ತ್ರಜ್ಞರು ಇದನ್ನೂ ಪರೀಕ್ಷಿಸಿದ್ದಾರೆ. ಮೊದಲ ಹಂತದ ಸ್ತನ ಕ್ಯಾನ್ಸರ್ ಇದ್ದ 578 ಮಹಿಳೆಯರನ್ನು ಅನುಸರಿಸಿ ಮ್ಯಾಗಿ ವಾಟ್ಸನ್ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟ ವರದಿಯ ಪ್ರಕಾರ, ಹೋರಾಟದ ಛಲ ಇದ್ದವರು ಅದರಿಂದ ಹೆಚ್ಚು ಕಾಲ ಬದುಕಿದ್ದು ಕಾಣಲಿಲ್ಲ. (ಪೂರ್ತಿ ಹತಾಶರಾದವರ ಬಗ್ಗೆ ಮಾತ್ರ ಎಚ್ಚರ ಬೇಕೆಂದು ಆ ವರದಿ ಹೇಳಿತು.) ರೋಗಿಗಳು ಗುಂಪಾಗಿ ಕೂತು ಮನಬಿಚ್ಚಿ ಮಾತಾಡಿದರೆ ಆಯುಷ್ಯ ಹೆಚ್ಚುತ್ತದೆ ಎಂದು 1989ರಲ್ಲಿ ಡೇವಿಡ್ ಸ್ಪೀಗಲ್ ಹೇಳಿದಾಗ ಜಗತ್ತೇ ಸಂಭ್ರಮಿಸಿತು. ಕೆನಡಾದಲ್ಲಿ ಪಮೇಲಾ ಗುಡ್ವಿನ್ ಅವರ ತಂಡ 235 ಮಹಿಳೆಯರೊಡನೆ ಅದನ್ನೇ ಮತ್ತೆ ಮಾಡಿ ನೋಡಿ 2001ರಲ್ಲಿ ಪ್ರಕಟಿಸಿತು. ಆಯುಷ್ಯ ಹೆಚ್ಚಲಿಲ್ಲ. ಆದರೆ ಮನಸ್ಸಿನ ಸಂಕಟ ಇಳಿಯಿತು, ನೋವೂ ಕಡಿಮೆ ಎನಿಸಿತು. ಮಾತಿಗೆ ಗೆಡ್ಡೆ ಕರಗಿಸುವ ಶಕ್ತಿ ಇಲ್ಲ. ಉಳಿದ ದಿನಗಳನ್ನು ಮನುಷ್ಯರಂತೆ ಕಳೆಯಲು ಅದು ನೆರವಾಗುತ್ತದೆ. ಇಷ್ಟು ಸಾಲದೇ?

ಇಲ್ಲಿ ಗುರುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮನ್ನು ತಡವಾಗಿ ಕರೆಯುವುದಕ್ಕೆ ಕಾರಣ ನನಗೆ ಗೊತ್ತು. ಫಾದರ್ ಎಣ್ಣೆಯ ಡಬ್ಬಿ ಹಿಡಿದು ಬಂದರೆಂದರೆ ರೋಗಿಗೆ ತನ್ನ ಕಥೆ ಮುಗಿಯಿತೆಂದು ತಿಳಿದುಬಿಡುತ್ತದೆ ಎಂಬ ಭಯ. ಹಿಂದೆ ಆ ಸಂಸ್ಕಾರದ ಹೆಸರೇ ಅಂತ್ಯಾಭ್ಯಂಗ ಎಂದಿತ್ತು, ಭಯಕ್ಕೆ ಅದೂ ಕಾರಣ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದು ಉಚಿತ, ಇದು ಸಾಯುವವರಿಗೆ ಮಾತ್ರವಲ್ಲ ಎಂದು ಹೇಳಿತು. ಆರನೇ ಪೌಲ್ ಜಗದ್ಗುರುಗಳು 1972ರಲ್ಲಿ ಹೊಸ ವಿಧಿಯನ್ನು ಕೊಟ್ಟರು. ಅರ್ಧ ಶತಮಾನ ಕಳೆದರೂ ನಮ್ಮ ಜಗಲಿಗಳಿಗೆ ಆ ಸುದ್ದಿ ಮುಟ್ಟಿಲ್ಲ. ಆಪರೇಷನ್ನಿಗೆ ಹೊರಡುವ ಮುನ್ನವೇ ಕರೆಯಿರಿ. ಆಗ ಗುರುಗಳು ಬರುವುದು ಯಾರಿಗೂ ಸಾವಿನ ಸುದ್ದಿಯಾಗುವುದಿಲ್ಲ. ಮತ್ತು ನಾವು ಬಂದಾಗ, ದಯವಿಟ್ಟು ಹತ್ತು ನಿಮಿಷ ನಮ್ಮನ್ನು ರೋಗಿಯ ಹತ್ತಿರ ಬಿಟ್ಟು ನೀವು ಹೊರಗೆ ಕಾಫಿ ಮಾಡಿ.

ಆರೈಕೆ ಮಾಡುವವರನ್ನು ಯಾರು ಕೇಳುತ್ತಾರೆ? ನಿಮ್ಹಾನ್ಸಿನ ಮನಃಶಾಸ್ತ್ರಜ್ಞೆ ಸೀಮಾ ಮೆಹ್ರೋತ್ರಾ ಅವರು ಸಹೋದ್ಯೋಗಿಯೊಡನೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಮನೆಯ ಹೆಂಗಸರ ಬಗ್ಗೆ. ನಿಮಗೆ ಬಲ ಎಲ್ಲಿಂದ ಬರುತ್ತದೆ ಎಂಬುದೇ ಅಲ್ಲಿಯ ಪ್ರಶ್ನೆ. ರೋಗಿಯನ್ನು ನೋಡಲು ಹೋದವರು ಮಂಚದ ಹತ್ತಿರ ಹೋಗಿ, ಬಾಳೆಹಣ್ಣು ಇಟ್ಟು, ವಾಪಸು ಬರುತ್ತೇವೆ. ರಾತ್ರಿ ಮೂರು ಸಲ ಎದ್ದು, ಬೆಳಗ್ಗೆ ತೋಟದ ಕೆಲಸಕ್ಕೂ ಹೋಗುವ ಆ ಸೊಸೆಯ ಹತ್ತಿರ "ನೀನು ಹೇಗಿದ್ದೀಯ ಮಗಳೇ, ನಿದ್ದೆ ಬರುತ್ತದೆಯೇ?" ಎಂದು ಕೇಳಿದವರು ಎಷ್ಟು ಮಂದಿ?

ನೋವಿನಿಂದ ನರಳುವವರೊಡನೆ ಮನಸ್ಸಿನ ಮಾತು ಆಡಲಾಗದು ಎಂಬುದನ್ನೂ ಮರೆಯಬಾರದು. ಲಂಡನ್ನಿನಲ್ಲಿ 1967ರಲ್ಲಿ ಸಂತ ಕ್ರಿಸ್ಟೋಫರ್ ಆಶ್ರಯಧಾಮ ತೆರೆದ ಡಾ. ಸಿಸಿಲಿ ಸಾಂಡರ್ಸ್ ಅವರು ದೇಹ, ಮನಸ್ಸು, ಸಂಸಾರ, ಆತ್ಮ ಈ ನಾಲ್ಕರ ನೋವನ್ನೂ ಒಂದೇ ನೋವೆಂದು ನೋಡಿದರು. ನೋವು ಶಮನಕ್ಕೆ ಔಷಧಿ ಇದೆ, ವೈದ್ಯರನ್ನು ಕೇಳಿ ಪಡೆಯಿರಿ, ಸಹಿಸಿಕೊಳ್ಳಿ ಎಂದು ಉಪದೇಶಿಸಬೇಡಿ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. 1994ರಲ್ಲಿ ಸ್ಥಾಪಿತವಾದ ಟ್ರಸ್ಟ್ ಅದನ್ನು ನಡೆಸುತ್ತಿದೆ. ರೋಗಿ ಅಥವಾ ನೋಡಿಕೊಳ್ಳುವವರು ವಾರಗಟ್ಟಲೆ ಮಾತು ಬಿಟ್ಟಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಬದುಕು ಸಾಕು ಎನ್ನುತ್ತಿದ್ದರೆ ಅದು ವಿಶ್ವಾಸದ ಕೊರತೆಯಲ್ಲ, ಚಿಕಿತ್ಸೆ ಇರುವ ಖಿನ್ನತೆ ಇರಬಹುದು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಮ್ಮಲ್ಲಿ ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಮಾಡಬೇಕಾದೀತು, ಅಷ್ಟೇ.

ಈ ವಾರದ ವಾರ್ಡಿನ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ ಎಂದು ವಿನಂತಿಸುತ್ತೇನೆ. ನನಗೇ ಇಂಥ ಕಾಯಿಲೆ ಬಂದರೆ ನನಗೆ ಎಷ್ಟು ತಿಳಿಸಬೇಕು, ಯಾರು ತಿಳಿಸಬೇಕು ಎಂದು ನನ್ನ ಮನೆಯವರಿಗೆ ನಾನು ಹೇಳಿಟ್ಟಿದ್ದೇನೆಯೇ? ಆ ದಿನ ನಾನು ಯಾರನ್ನು ಕರೆಸಬೇಕೆಂದು ಬಯಸುತ್ತೇನೆ, ಮತ್ತು ಅವರೊಡನೆ ಇಂದೇ ಮಾತಾಡಲು ಏನು ಅಡ್ಡಿ?